ನಾಥಸಾಗರದ ದಡದಿಂದ ನೇತ್ರಾಣಿಯ ತಳಕ್ಕೆ: ಸ್ಕೂಬಾ ಉಮೇದುವಾರಿಕೆಯ ಲಾಭ-ನಷ್ಟ

ಪೈಠಣ: ಗೋದಾವರಿಗೆ ಅಡ್ಡಲಾಗಿ ಇಲ್ಲಿ ಕಟ್ಟಲಾದ ಜಾಯಕವಾಡಿ ಅಣೆಕಟ್ಟಿನ ಜಲಾಶಯಕ್ಕೆ ನಾಥಸಾಗರ ಎಂದು ಹೆಸರು. ಸಂತ ಏಕನಾಥರ ನೆನಪನ್ನು ಹೊತ್ತ ಈ ಜಲಾಶಯಕ್ಕೆ 1965ರಲ್ಲಿ ಅಂದಿನ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿ ಶಂಕುಸ್ಥಾಪನೆ ಮಾಡಿದರು. 1976ರಲ್ಲಿ ಇಂದಿರಾ ಗಾಂಧಿ ಅದನ್ನು ಲೋಕಾರ್ಪಣೆಗೊಳಿಸಿದರು. ಅಣೆಕಟ್ಟಿನ ಕೆಳಗಿರುವ ಸಂತ ಜ್ಞಾನೇಶ್ವರ ಉದ್ಯಾನವನ್ನು ನೋಡಿದ ಕನ್ನಡಿಗರಿಗೆ ಮೈಸೂರಿನ ಬೃಂದಾವನ ನೆನಪಾಗದೆ ಇರದು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಹಬ್ಬಿತ್ತೆಂದು ಕವಿರಾಜಮಾರ್ಗ ಹೇಳುವಾಗ ಅದರ ಬಡಗಣ ಎಲ್ಲೆ ಇದೇ ನದಿ.

ಛತ್ರಪತಿ ಸಂಭಾಜಿನಗರ (ಹಿಂದಿನ ಔರಂಗಾಬಾದ್) ಮತ್ತು ನಾಸಿಕ್‌ನಲ್ಲಿ ಉದ್ಯೋಗ, ಹೋಟೆಲ್ ವ್ಯವಹಾರ ನಿಮಿತ್ತ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೆ ಈ ನೀರು ರವಿವಾರದ ವಿಹಾರದ ಜಾಗ. ಆದರೆ ಈ ಕುಟುಂಬಗಳ ಎರಡನೇ ತಲೆಮಾರಿನ ಮಕ್ಕಳ ಕಣ್ಣು ಈಗ ಬೇರೆ ನೀರಿನ ಮೇಲಿದೆ. ಹನ್ನೆರಡನೇ ತರಗತಿ ಅಥವಾ ಪದವಿ ಮುಗಿಸಿದ ಯುವಕ ಯುವತಿಯರನ್ನು ಸೆಳೆಯುತ್ತಿರುವ ಹೊಸ ಉದ್ಯೋಗಗಳಲ್ಲಿ ಸ್ಕೂಬಾ ಡೈವಿಂಗ್ ಕೂಡ ಒಂದು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದು, ಪ್ರವಾಸಿಗರನ್ನು ಇಳಿಸುವುದು, ಅದನ್ನೇ ವೃತ್ತಿಯಾಗಿಸಿಕೊಳ್ಳುವುದು ಅವರ ಕನಸು. 2022ರ ಅಕ್ಟೋಬರ್‌ನಲ್ಲಿ ತೆರೆಕಂಡ, ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ಯಲ್ಲಿ ನೇತ್ರಾಣಿಯ ಕಡಲಾಳವನ್ನು ಕಂಡ ಬಳಿಕ ಕನ್ನಡಿಗರಲ್ಲಿ ಈ ಒಲವು ಇನ್ನಷ್ಟು ಬೆಳೆದಿದ್ದರೆ ಆಶ್ಚರ್ಯವಿಲ್ಲ.

ಹಣವಿಲ್ಲದವರಿಗೆ ಈ ಕ್ಷೇತ್ರ ತೋರಿಸುವ ದಾರಿ ಇಂಟರ್ನ್‌ಶಿಪ್. ಕೆಲವು ತಿಂಗಳು ಡೈವಿಂಗ್ ಕೇಂದ್ರದಲ್ಲಿ ದುಡಿಯಬೇಕು. ಬದಲಿಗೆ ತರಬೇತಿ, ಕೆಲವೆಡೆ ಊಟ-ವಸತಿ. ಮರಾಠಿಯಲ್ಲಿ ‘ಶಿಕಾವು ಉಮೇದವಾರ’ ಎನ್ನುವುದಕ್ಕೆ ಸಮೀಪದ ವ್ಯವಸ್ಥೆ ಇದು. ಇದರಿಂದ ಮಕ್ಕಳಿಗೆ ಸಿಗುವುದೇನು, ಕಳೆದುಕೊಳ್ಳುವುದೇನು ಎಂಬುದನ್ನು ಪಾಲಕರು ಸ್ವಲ್ಪ ತಾಳ್ಮೆಯಿಂದ ನೋಡಬೇಕಾಗಿದೆ.

ಏರಬೇಕಾದ ಮೆಟ್ಟಿಲುಗಳು

ಸ್ಕೂಬಾ ಪ್ರಮಾಣಪತ್ರಗಳನ್ನು ನೀಡುವುದು ಸರಕಾರವಲ್ಲ. 1959ರಲ್ಲಿ ಸ್ಥಾಪನೆಯಾದ ಸಿಎಂಎಎಸ್ ಎಂಬ ಜಾಗತಿಕ ಒಕ್ಕೂಟ, 1966ರ ಪಾಡಿ, 1970ರ ಎಸ್‌ಎಸ್‌ಐ ಮೊದಲಾದ ಅಂತಾರಾಷ್ಟ್ರೀಯ ಸಂಸ್ಥೆಗಳು ಅವನ್ನು ನೀಡುತ್ತವೆ. ಪಾಡಿಯ ಕ್ರಮವನ್ನೇ ನೋಡಿದರೆ ಮೊದಲ ಮೆಟ್ಟಿಲು ‘ಓಪನ್ ವಾಟರ್’. ಇದರಲ್ಲಿ 18 ಮೀಟರ್ ಆಳದ ಮಿತಿ. ಮುಂದಿನದು ‘ಅಡ್ವಾನ್ಸ್‌ಡ್’, 30 ಮೀಟರ್. ನಂತರ ಇತರರನ್ನು ಕಾಪಾಡುವುದನ್ನು ಕಲಿಸುವ ‘ರೆಸ್ಕ್ಯೂ’. ಇಷ್ಟಾದ ಮೇಲೆಯೇ ವೃತ್ತಿಪರರ ಮೊದಲ ಹಂತವಾದ ‘ಡೈವ್‌ಮಾಸ್ಟರ್’.

ಡೈವ್‌ಮಾಸ್ಟರ್ ತರಬೇತಿಗೆ ಸೇರಲು 18 ವರ್ಷ ತುಂಬಿರಬೇಕು, 40 ಮುಳುಗುಗಳು ದಾಖಲಾಗಿರಬೇಕು. ಮುಗಿಸುವಷ್ಟರಲ್ಲಿ 60 ಆಗಬೇಕು. ವೈದ್ಯರ ಸಹಿಯ ಆರೋಗ್ಯಪತ್ರ, ಎರಡು ವರ್ಷದೊಳಗಿನ ಪ್ರಥಮ ಚಿಕಿತ್ಸಾ ತರಬೇತಿ ಬೇಕು. 400 ಮೀಟರ್ ಈಜು, ಸ್ನಾರ್ಕೆಲ್ ಹಾಕಿ 800 ಮೀಟರ್ ಈಜು, 15 ನಿಮಿಷ ನೀರಿನಲ್ಲಿ ತೇಲುವುದು, ಬಳಲಿದವನನ್ನು 100 ಮೀಟರ್ ಎಳೆದು ತರುವುದು - ಇವೆಲ್ಲ ಪರೀಕ್ಷೆಯ ಭಾಗ. ಈಜು ಬಾರದ ಪ್ರವಾಸಿಗನನ್ನೂ ಶಿಕ್ಷಕರು ಕೈ ಹಿಡಿದು ಸಮುದ್ರ ತೋರಿಸಬಹುದು. ಆದರೆ ಈಜು ಬಾರದವ ವೃತ್ತಿಪರನಾಗಲು ಸಾಧ್ಯವಿಲ್ಲ. ಒಳನಾಡಿನ ಮಕ್ಕಳಿಗೆ ಮೊದಲ ತೊಡಕು ಇಲ್ಲೇ.

ಡೈವ್‌ಮಾಸ್ಟರ್ ಆದ ಕೂಡಲೇ ಶಿಕ್ಷಕನಾದಂತೆಯೂ ಅಲ್ಲ. ಪ್ರಮಾಣಪತ್ರ ಪಡೆದ ಡೈವರ್‌ಗಳಿಗೆ ದಾರಿ ತೋರಿಸುವುದು, ಶಿಕ್ಷಕನಿಗೆ ನೆರವಾಗುವುದು ಅವನ ಅಧಿಕಾರ. ಹೊಸಬರಿಗೆ ಡೈವಿಂಗ್ ಕೋರ್ಸ್ ಕಲಿಸಿ ಪ್ರಮಾಣಪತ್ರ ಕೊಡುವ ಹಕ್ಕು ಶಿಕ್ಷಕನದ್ದು. ಆ ಪರೀಕ್ಷೆಗೆ ಕೂರಲು 100 ಮುಳುಗುಗಳು ಬೇಕು. ಅರ್ಹತೆಯನ್ನು ಜಾರಿಯಲ್ಲಿಡಲು ವರ್ಷ ವರ್ಷ ಶುಲ್ಕವನ್ನೂ ಕಟ್ಟಬೇಕು. ಆದುದರಿಂದ ‘ಮೂರು ತಿಂಗಳಲ್ಲಿ ವೃತ್ತಿಪರ’ ಎಂಬ ಮಾತನ್ನು ಕೇಳಿದಾಗ ಯಾವ ಹಂತದ ವೃತ್ತಿಪರ ಎಂದು ಮರುಪ್ರಶ್ನೆ ಹಾಕುವುದು ಅಗತ್ಯ.

ಕಲಿಕೆಯೋ, ಬಿಟ್ಟಿ ದುಡಿಮೆಯೋ?

ದುಡಿಯುತ್ತಾ ಕಲಿಯುವುದು ಮಹಾರಾಷ್ಟ್ರದ ಕನ್ನಡಿಗರಿಗೆ ಹೊಸದಲ್ಲ. ಹಗಲು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು ರಾತ್ರಿ ಶಾಲೆಯಲ್ಲಿ ಓದಿದವರೇ ಮುಂದೆ ಹೋಟೆಲ್ ಮಾಲಕರೂ ವಕೀಲರೂ ಬ್ಯಾಂಕ್ ಅಧಿಕಾರಿಗಳೂ ಆದರು. ಕಡಲನ್ನೇ ನಂಬಿದ ಸಮಾಜದವರು 1902ರಲ್ಲಿ ಮುಂಬಯಿಯಲ್ಲಿ ಕಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ರಾತ್ರಿ ಶಾಲೆ ನಡೆಸಿದ್ದು ಇಂತಹ ಮಕ್ಕಳಿಗಾಗಿಯೇ. ಆದರೆ ಅಲ್ಲಿ ದುಡಿಮೆಯ ಕೂಲಿ ಬೇರೆ, ಶಾಲೆಯ ಕಲಿಕೆ ಬೇರೆ ಇತ್ತು. ಸ್ಕೂಬಾ ಇಂಟರ್ನ್‌ಶಿಪ್‌ನಲ್ಲಿ ಎರಡೂ ಒಬ್ಬನೇ ಮಾಲಕನ ಕೈಯಲ್ಲಿರುತ್ತವೆ. ಕೂಲಿ ಎಲ್ಲಿ ಮುಗಿಯಿತು, ಕಲಿಕೆ ಎಲ್ಲಿ ಶುರುವಾಯಿತು ಎಂದು ಅಳೆಯುವವರಿಲ್ಲ.

ಇಂಟರ್ನ್‌ನ ದಿನಚರಿ ಬೆಳಗ್ಗೆ ಬೇಗ ಶುರುವಾಗುತ್ತದೆ. ತುಂಬಿದ ಸಿಲಿಂಡರ್‌ಗಳನ್ನು ದೋಣಿಗೆ ಹೊರಬೇಕು. ಪ್ರವಾಸಿಗರಿಗೆ ಅಳತೆಯ ಉಡುಪು, ಪಾದದ ರೆಕ್ಕೆ ಹುಡುಕಿಕೊಡಬೇಕು. ಮರಳಿದ ಬಳಿಕ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು ಒಣಗಿಸಬೇಕು, ಕಂಪ್ರೆಸರಿನಲ್ಲಿ ಮತ್ತೆ ಗಾಳಿ ತುಂಬಬೇಕು. ಇದೆಲ್ಲ ವೃತ್ತಿಯ ಭಾಗವೇ, ಕಲಿಯಬೇಕಾದದ್ದೇ. ಗಾಳಿಯ ಗುಣಮಟ್ಟ, ಸಲಕರಣೆಯ ಆರೋಗ್ಯ ತಿಳಿಯದವನು ಒಳ್ಳೆಯ ಡೈವ್‌ಮಾಸ್ಟರ್ ಆಗಲಾರ. ಆದರೆ ಆರು ತಿಂಗಳು ಸಿಲಿಂಡರ್ ಹೊತ್ತು, ಮುಳುಗಿದ್ದು ಹತ್ತೇ ಬಾರಿ ಎಂದಾದರೆ ಅದು ತರಬೇತಿಯಲ್ಲ. ಇನ್ನೊಂದೆಡೆ, ಸಿಬ್ಬಂದಿ ಸಾಲದೆಂದು ಅರೆಬರೆ ಕಲಿತ ಇಂಟರ್ನ್ ಕೈಗೆ ಪ್ರವಾಸಿಗರನ್ನು ಒಪ್ಪಿಸಿದರೆ ಇಬ್ಬರ ಜೀವಕ್ಕೂ ಅಪಾಯ.

ಕೇಂದ್ರ ಸರಕಾರ 2024ರಲ್ಲಿ ಘೋಷಿಸಿದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ದೊಡ್ಡ ಕಂಪೆನಿಗಳ ಇಂಟರ್ನ್‌ಗಳಿಗೆ ಆರಂಭದಲ್ಲಿ ತಿಂಗಳಿಗೆ 5,000 ರೂ. ನಿಗದಿಯಾಗಿತ್ತು. ಮೊತ್ತ ಸಣ್ಣದಾದರೂ ಕಲಿಯುವವನ ದುಡಿಮೆಗೂ ಬೆಲೆಯಿದೆ ಎಂಬ ತತ್ವ ಅದರಲ್ಲಿದೆ. ಕಡಲ ತೀರದ ಸಣ್ಣ ಕೇಂದ್ರಗಳಲ್ಲಿ ನಡೆಯುವುದು ಹೆಚ್ಚಾಗಿ ಬಾಯಿಮಾತಿನ ಒಪ್ಪಂದ.

ನೀರಿಗೆ ತನ್ನದೇ ಲೆಕ್ಕ

ಸಮುದ್ರದಲ್ಲಿ 10 ಮೀಟರ್ ಇಳಿದರೆ ದೇಹದ ಮೇಲಿನ ಒತ್ತಡ ಇಮ್ಮಡಿಯಾಗುತ್ತದೆ. ಆ ಆಳದಲ್ಲಿ ಪುಪ್ಪುಸ ತುಂಬ ಉಸಿರೆಳೆದು, ಅದನ್ನು ಹಿಡಿದುಕೊಂಡೇ ಮೇಲೆ ಬಂದರೆ ಒಳಗಿನ ಗಾಳಿ ಹಿಗ್ಗಿ ಪುಪ್ಪುಸ ಹರಿಯಬಹುದು. ಉಸಿರು ಎಂದಿಗೂ ಹಿಡಿಯಬಾರದು ಎಂಬುದು ಸ್ಕೂಬಾದ ಮೊದಲ ಪಾಠವಾಗಿರುವುದು ಇದಕ್ಕೇ. ಒತ್ತಡದಲ್ಲಿ ರಕ್ತ-ಮಾಂಸಕ್ಕೆ ಸೇರಿದ ಸಾರಜನಕ ನಿಧಾನವಾಗಿ ಹೊರಬರಬೇಕು. ಅವಸರದಿಂದ ಮೇಲೇರಿದರೆ ಸೋಡಾ ಬಾಟ್ಲಿ ತೆರೆದಂತೆ ಗುಳ್ಳೆಗಳೇಳುತ್ತವೆ. ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೂ ತೊಂದರೆಯಾಗಬಹುದು. ಅದಕ್ಕಾಗಿಯೇ 5 ಮೀಟರ್ ಆಳದಲ್ಲಿ 3 ನಿಮಿಷ ತಂಗಿ ಮೇಲೆ ಬರುವ ರೂಢಿ. ಇದರ ಚಿಕಿತ್ಸೆಗೆ ಬೇಕಾದ ಒತ್ತಡದ ಕೋಣೆ ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಸಿಗುವಂಥದ್ದಲ್ಲ.

ಒಳನಾಡಿನಿಂದ ಹೋದವರು ಮರೆಯಬಾರದ ಇನ್ನೊಂದು ಸಂಗತಿಯಿದೆ. ಮುಳುಗಿದ ಬಳಿಕ ವಿಮಾನ ಏರಲು ಒಂದು ಮುಳುಗಿಗೆ ಕನಿಷ್ಠ 12 ತಾಸು, ಹಲವಾದರೆ 18 ತಾಸು ಕಾಯಬೇಕು. ಸುಮಾರು 600 ಮೀಟರಿಗಿಂತ ಎತ್ತರದ ಘಟ್ಟ ಏರುವುದಕ್ಕೂ ಇಂತಹ ಎಚ್ಚರ ಅಗತ್ಯ. ಮಾಲವಣದ ಕಡೆಯಿಂದ ಅಂಬೋಲಿ ಘಾಟಿಯಾಗಿ ಬರುವವರು ಸುಮಾರು 690 ಮೀಟರ್ ಏರುತ್ತಾರೆ. ಸಂಜೆಯವರೆಗೆ ಮುಳುಗಿ ಅದೇ ರಾತ್ರಿ ಬಸ್ಸು ಹತ್ತುವ ರಜೆಯ ಅವಸರ ಒಳ್ಳೆಯದಲ್ಲ.

ಹಾಗಾದರೆ ನಾಥಸಾಗರದಲ್ಲೇ ಏಕೆ ಕಲಿಯಬಾರದು ಎಂಬ ಪ್ರಶ್ನೆ ಸಹಜ. ತುಂಬಿದಾಗ ಈ ಜಲಾಶಯದ ಮಟ್ಟ ಸಮುದ್ರಕ್ಕಿಂತ ಸುಮಾರು 464 ಮೀಟರ್ ಮೇಲಿದೆ. 300 ಮೀಟರಿಗಿಂತ ಎತ್ತರದ ನೀರಿನಲ್ಲಿ ಮುಳುಗುವುದಕ್ಕೆ ಲೆಕ್ಕವೇ ಬೇರೆ, ಅದಕ್ಕೆ ಪ್ರತ್ಯೇಕ ತರಬೇತಿಯೇ ಇದೆ. ಹೂಳಿನಿಂದಾಗಿ ನೀರಿನೊಳಗೆ ದೃಷ್ಟಿ ದೂರ ಹೋಗದು. ಮೇಲಾಗಿ ಇದು ನಗರಕ್ಕೆ ಕುಡಿಯುವ ನೀರು, 1986ರಿಂದ ಪಕ್ಷಿಧಾಮ. 2017ರಲ್ಲಿ ಸುತ್ತಲಿನ ಪ್ರದೇಶ ಪರಿಸರ ಸೂಕ್ಷ್ಮ ವಲಯವೂ ಆಯಿತು. ಆದುದರಿಂದ ಸ್ಕೂಬಾ ಕಲಿಯಬಯಸುವವರು ಕಡಲಿಗೇ ಹೋಗಬೇಕು.

ನೇತ್ರಾಣಿ ಮತ್ತು ತಾರ್ಕರ್ಲಿ

ಕನ್ನಡಿಗರಿಗೆ ಹತ್ತಿರದ ಎರಡು ಕಡಲುಗಳು ಇವು. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ನೇತ್ರಾಣಿ ದ್ವೀಪ ಹವಳ ಮತ್ತು ಬಣ್ಣದ ಮೀನುಗಳಿಗೆ ಪ್ರಸಿದ್ಧ. ಸಿಂಧುದುರ್ಗ ಜಿಲ್ಲೆಯ ತಾರ್ಕರ್ಲಿಯಲ್ಲಿ ಮಹಾರಾಷ್ಟ್ರ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಸ್ಕೂಬಾ ತರಬೇತಿ ಸಂಸ್ಥೆ ‘ಇಸ್ಡಾ’ ಇದೆ. ಮೀನುಗಾರ ಕುಟುಂಬಗಳ ಸ್ಥಳೀಯ ಯುವಕರನ್ನು ಡೈವಿಂಗ್‌ಗೆ ಸಿದ್ಧಗೊಳಿಸಿದ್ದು ಆ ಕರಾವಳಿಯ ಒಳ್ಳೆಯ ಪ್ರಯೋಗ.

ಎರಡೂ ಕಡೆ ಮಳೆಗಾಲದಲ್ಲಿ ಕೆಲಸ ನಿಲ್ಲುತ್ತದೆ. ಅಕ್ಟೋಬರಿನಿಂದ ಮೇ ತಿಂಗಳವರೆಗಿನ ಸಂಪಾದನೆಯಲ್ಲಿ ವರ್ಷವಿಡೀ ಬದುಕಬೇಕು. ಅಪಾಯವೂ ನೀರಿನೊಳಗೆ ಮಾತ್ರ ಇರುವುದಲ್ಲ. 2022ರ ಮೇ 24ರಂದು ತಾರ್ಕರ್ಲಿಯಲ್ಲಿ ಸ್ಕೂಬಾ ಮುಗಿಸಿ ಮರಳುತ್ತಿದ್ದ ಪ್ರವಾಸಿಗರ ದೋಣಿ ಮಗುಚಿ ಇಬ್ಬರು ಸಾವನ್ನಪ್ಪಿದರು. ಮಳೆಗಾಲ ಹತ್ತಿರವಾದ ದಿನಗಳಲ್ಲಿ ಕಡಲು ಹೇಗಿರುತ್ತದೆ ಎಂಬುದಕ್ಕೆ ಆ ಘಟನೆ ಸಾಕ್ಷಿ. ಮಹಾರಾಷ್ಟ್ರ ಸರಕಾರ 2021ರಲ್ಲಿ ತಂದ ಸಾಹಸ ಪ್ರವಾಸೋದ್ಯಮ ನೀತಿ ಇಂತಹ ಚಟುವಟಿಕೆ ನಡೆಸುವವರ ನೋಂದಣಿಗೆ ಅವಕಾಶ ಮಾಡಿದೆ. ಮಕ್ಕಳನ್ನು ಕಳುಹಿಸುವ ಮುನ್ನ ಆ ನೋಂದಣಿಯನ್ನು ಕೇಳಿ ನೋಡುವುದು ಪಾಲಕರ ಹಕ್ಕು.

ಗೋದಾವರಿಗೂ ಬೇಕು ಮುಳುಗುಗಾರರು

ಸ್ಕೂಬಾ ಎಂದರೆ ಪ್ರವಾಸಿಗರ ಮೋಜು ಎಂದಷ್ಟೇ ತಿಳಿಯುವುದೂ ಸರಿಯಲ್ಲ. ಪೈಠಣದ ಏಕನಾಥ ಷಷ್ಠಿಗೆ ಲಕ್ಷಗಟ್ಟಲೆ ವಾರಕರಿಗಳು ಬರುತ್ತಾರೆ, ಗೋದಾವರಿಯಲ್ಲಿ ಮೀಯುತ್ತಾರೆ. ನದಿಯ ಮೇಲ್ದಂಡೆಯ ನಾಸಿಕ್-ತ್ರ್ಯಂಬಕೇಶ್ವರದಲ್ಲಿ 2015ರ ಬಳಿಕ ಮತ್ತೆ 2026-27ರಲ್ಲಿ ಸಿಂಹಸ್ಥ ಕುಂಭಮೇಳ. ಜನ ಸೇರುವ ಇಂತಹ ಘಾಟ್‌ಗಳಲ್ಲಿ ತರಬೇತಿ ಪಡೆದ ಜೀವರಕ್ಷಕರ ಅಗತ್ಯ ಎಷ್ಟಿದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಯಲ್ಲಿ ಲಾರಿಯ ಹುಡುಕಾಟಕ್ಕೆ ಇಳಿದವರಲ್ಲಿ ಮುಳುಗು ತಜ್ಞ ಈಶ್ವರ ಮಲ್ಪೆ ಪ್ರಮುಖರು. ನೀರಿನ ಸೆಳೆತದಲ್ಲಿ ಹಗ್ಗ ತುಂಡಾಗಿ ಅವರೇ ಅಪಾಯಕ್ಕೆ ಸಿಲುಕಿ ಪಾರಾದರು. ಕೊನೆಗೆ ಡ್ರೆಜ್ಜರ್ ತರಿಸಿದ ಬಳಿಕ ಸೆಪ್ಟೆಂಬರ್ 25ರಂದು ಲಾರಿ ಸಿಕ್ಕಿತು. ತಿಳಿನೀರಿನಲ್ಲಿ ಪ್ರವಾಸಿಗರಿಗೆ ಮೀನು ತೋರಿಸುವ ಡೈವ್‌ಮಾಸ್ಟರ್‌ನ ಕಾರ್ಡು ಇಂತಹ ಕೆಸರು ಪ್ರವಾಹಕ್ಕೆ ಇಳಿಯಲು ಪರವಾನಿಗೆಯಲ್ಲ. ಅದಕ್ಕೆ ಬೇರೆಯೇ ತರಬೇತಿ, ತಂಡ, ಸಲಕರಣೆ ಬೇಕು. ಅದೇ ರೀತಿ, ಧೈರ್ಯದಿಂದ ಹೊಳೆಗೆ ಇಳಿಯುವ ಊರಿನ ಮುಳುಗುಗಾರರಿಗೆ ಕಾರ್ಡೂ ಇಲ್ಲ, ವಿಮೆಯೂ ಇಲ್ಲ ಎಂಬ ಸ್ಥಿತಿ ಹಲವೆಡೆ ಇದೆ. ಈ ಎರಡು ಕೊನೆಗಳನ್ನು ಜೋಡಿಸುವ ಸರಕಾರಿ ತರಬೇತಿ ಇಂದಿನ ಅಗತ್ಯ.

ನಾಥಸಾಗರದ ಮೀನುಗಾರರೇ ಇದಕ್ಕೆ ತಕ್ಕ ಉದಾಹರಣೆ. ಇಲ್ಲಿಯ ತೇಲುವ ಸೌರ ವಿದ್ಯುತ್ ಯೋಜನೆಯನ್ನು ಪ್ರಶ್ನಿಸಿ ಪೈಠಣದ ಕಹಾರ ಸಮಾಜದ ಸಮಿತಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2025ರಲ್ಲಿ ಅರ್ಜಿ ವಜಾ ಆಯಿತು. ನೀರನ್ನೇ ನಂಬಿದ ಈ ಮನೆಗಳ ಹುಡುಗರಿಗೆ 400 ಮೀಟರ್ ಈಜು ಪರೀಕ್ಷೆಯೇ ಅಲ್ಲ. ಮಾಲವಣದಲ್ಲಿ ಮೀನುಗಾರರ ಮಕ್ಕಳಿಗೆ ಸಾಧ್ಯವಾದದ್ದು ಗೋದಾವರಿಯ ಮಕ್ಕಳಿಗೂ ಸಾಧ್ಯವಾಗಬೇಕು.

ಹೊರಡುವ ಮುನ್ನ

ಇಂಟರ್ನ್‌ಶಿಪ್ ಕೆಟ್ಟದ್ದೆಂದು ತಳ್ಳಿಹಾಕಬೇಕಾಗಿಲ್ಲ. ಹಣವಿಲ್ಲದವನಿಗೆ ತೆರೆದಿರುವ ಬಾಗಿಲು ಅದೊಂದೇ ಆಗಿರಬಹುದು. ಆದರೆ ಒಪ್ಪಂದ ಕಾಗದದ ಮೇಲಿರಲಿ. ಎಷ್ಟು ತಿಂಗಳು, ದಿನಕ್ಕೆ ಎಷ್ಟು ತಾಸು, ವಾರಕ್ಕೆ ಎಷ್ಟು ಮುಳುಗು, ಕಲಿಸುವ ಶಿಕ್ಷಕ ಯಾರು, ಪ್ರಮಾಣಪತ್ರದ ಶುಲ್ಕ ಯಾರದು, ಅಪಘಾತವಾದರೆ ವಿಮೆ ಯಾವುದು, ಅರ್ಧಕ್ಕೆ ಬಿಟ್ಟರೆ ಕಟ್ಟಿದ ಹಣದ ಗತಿಯೇನು ಎಂಬುದೆಲ್ಲ ಅದರಲ್ಲಿರಬೇಕು. ಶಿಕ್ಷಕನ ಅರ್ಹತೆ ಜಾರಿಯಲ್ಲಿದೆಯೇ ಎಂಬುದನ್ನು ಆಯಾ ಸಂಸ್ಥೆಯಲ್ಲೇ ವಿಚಾರಿಸಬಹುದು. ಪ್ರತಿ ಮುಳುಗಿನ ದಾಖಲೆ ಪುಸ್ತಕ ಇಂಟರ್ನ್‌ನ ಕೈಯಲ್ಲೇ ಇರಬೇಕು. ಮುಂದಿನ ಕೆಲಸಕ್ಕೆ ಅದೇ ಅವನ ಆಸ್ತಿ.

ವಾರ್ಷಿಕೋತ್ಸವಗಳಲ್ಲಿ ವಿದ್ಯಾರ್ಥಿವೇತನ ವಿತರಿಸುವ ಕನ್ನಡ ಸಂಘಗಳು ಇಂಜಿನಿಯರಿಂಗ್, ವೈದ್ಯಕೀಯದ ಜತೆಗೆ ಇಂತಹ ವೃತ್ತಿ ತರಬೇತಿಗೂ ಒಂದು ಪಾಲು ತೆಗೆದಿಟ್ಟರೆ, ಒಪ್ಪಂದ ಓದಿ ಹೇಳಲು ಸಂಘದ ವಕೀಲರೊಬ್ಬರು ಅರ್ಧ ತಾಸು ಕೊಟ್ಟರೆ, ಹಲವು ಮಕ್ಕಳ ವರ್ಷ ಉಳಿಯುತ್ತದೆ. ಈಜು ಬಾರದ ಮಕ್ಕಳಿಗೆ ಮೊದಲು ಈಜುಕೊಳದ ಶುಲ್ಕ ಕಟ್ಟಿದರೂ ಸಾಕು, ಅದೇ ಮೊದಲ ಮೆಟ್ಟಿಲು. ಕಡಲಿಗೆ ಇಳಿಯುವವನು ಗಾಳಿಯ ಮಾಪಕವನ್ನು ನೋಡದೆ ಇಳಿಯುವುದಿಲ್ಲ. ಮಕ್ಕಳನ್ನು ಕಳುಹಿಸುವವರು ಒಪ್ಪಂದದ ಕಾಗದವನ್ನೂ ಹಾಗೆಯೇ ನೋಡಬೇಕು.