ವಿಸಿಲ್ ಊದಲಿಲ್ಲ, ಆದ್ರೂ ಅದು ಗೋಲೇ (ಫುಟ್‌ಬಾಲ್ ರೂಲ್ಸ್, ಭಾಗ 4)

ನೇರವಾಗಿ ಹೇಳ್ಬಿಡ್ತೀನಿ. 2023ರ ಮಾರ್ಚ್ 3ಕ್ಕೆ ಕಂಠೀರವದಲ್ಲಿ ಸುನಿಲ್ ಛೆಟ್ರಿ ಹೊಡೆದದ್ದು ಮೋಸದ ಗೋಲ್ ಅಲ್ಲ. ಬ್ಲಾಸ್ಟರ್ಸ್ ಫ್ಯಾನ್ಸ್, ಅನ್‌ಫಾಲೋ ಮಾಡೋ ಮೊದಲು ಪೂರ್ತಿ ಓದಿ, ನಿಮ್ಮ ಪರವಾಗಿಯೂ ಒಂದು ಮಾತಿದೆ 🙏

ನೆನಪಿದೆ ಅಲ್ವಾ? ಐಎಸ್‌ಎಲ್ ಪ್ಲೇಆಫ್. 90 ನಿಮಿಷಕ್ಕೆ 0-0. ಎಕ್ಸ್‌ಟ್ರಾ ಟೈಮ್ ಶುರುವಾಗಿ ಸ್ವಲ್ಪ ಹೊತ್ತಿಗೇ ಬಾಕ್ಸ್ ಹತ್ರ ಬೆಂಗಳೂರಿಗೆ ಫ್ರೀ ಕಿಕ್. ಕೇರಳದ ಕೀಪರ್ ಇನ್ನೂ ಗೋಡೆ ನಿಲ್ಲಿಸ್ತಾ ಇದ್ದ, ಛೆಟ್ರಿ ಆರಾಮಾಗಿ ಬಾಲ್ ಎತ್ತಿ ಒಳಗೆ ಹಾಕಿಬಿಟ್ರು. ರೆಫರಿ ಗೋಲ್ ಕೊಟ್ರು. ಕೋಚ್ ವುಕೊಮನೊವಿಚ್ ಇಡೀ ಟೀಮನ್ನ ಮೈದಾನದಿಂದ ಹೊರಗೆ ಕರೆದುಬಿಟ್ರು.

"ವಿಸಿಲ್ಲೇ ಊದಿಲ್ಲ" ಅನ್ನೋದು ಇವತ್ತಿಗೂ ಕೇಳಿಬರೋ ವಾದ. ಆದರೆ ನಿಯಮದಲ್ಲಿ ಇರೋದು ಇಷ್ಟೇ: ಚೆಂಡನ್ನು ಒದ್ದು, ಅದು ಸ್ಪಷ್ಟವಾಗಿ ಚಲಿಸಿದರೆ ಆಟ ಶುರು. ('ಸ್ಪಷ್ಟವಾಗಿ' ಅನ್ನೋ ಪದ 2016ರಲ್ಲಿ ಸೇರಿದ್ದು. ಬೂಟಿನ ತುದಿ ತಾಗಿಸಿ "ಆಯ್ತು ಕಿಕ್" ಅನ್ನೋ ನಾಟಕ ನಡೆಯಲ್ಲ.) ಕಾರ್ಡ್ ತೋರಿಸಿದ್ರೆ, ಗಾಯ ಆಗಿ ಆಟ ನಿಂತಿದ್ರೆ, ಸಬ್‌ಸ್ಟಿಟ್ಯೂಷನ್ ಇದ್ರೆ, ಅಥವಾ ಗೋಡೆಯನ್ನ 9.15 ಮೀಟರ್ ಹಿಂದೆ ಕಳಿಸಬೇಕಿದ್ರೆ ವಿಸಿಲ್ ಬೇಕು. ಉಳಿದಂತೆ ಬೇಡ.

ಇದು ಸರಿಯಾದ ನಿಯಮ ಅಂತಲೇ ನನ್ನ ಅಭಿಪ್ರಾಯ. ಫೌಲ್ ಮಾಡಿದ್ದು ಅವರು. ಮಾಡಿದವರಿಗೇ ನಿಧಾನವಾಗಿ ಸಾಲಾಗಿ ನಿಂತ್ಕೊಳ್ಳೋಕೆ ಟೈಮ್ ಕೊಟ್ಟು, ಏಟು ತಿಂದವರು ಕಾಯ್ತಾ ಕೂರಬೇಕಾ?

ಈಗ ಕೇರಳದ ಪರವಾದ ಮಾತು. ವಿಸಿಲೂ ಬೇಡ, ಗೋಡೆಯೂ ಬೇಡ ಅಂತ ರೆಫರಿಗೆ ಮೊದಲೇ ಹೇಳಿದ್ದೆ ಅಂತ ಛೆಟ್ರಿ ಪಂದ್ಯ ಆದ್ಮೇಲೆ ಹೇಳಿದ್ರು. ಇರಬಹುದು, ನಾನು ನಂಬ್ತೀನಿ. ಆದರೆ ಆ ಮಾತು ಸ್ಟ್ಯಾಂಡಲ್ಲಿದ್ದವರಿಗೆ ಕೇಳಿಸ್ತಾ? ಟಿವಿ ಮುಂದೆ ಕೂತವರಿಗೆ? ಬಿಸಿನೆಸ್ ಲಾ ಕ್ಲಾಸಲ್ಲಿ ನಮಗೆ ಹೇಳ್ಕೊಡ್ತಾರೆ, ಬಾಯಿಮಾತಿನ ಕರಾರೂ ಕಾನೂನಿನ ಪ್ರಕಾರ ಕರಾರೇ, ಆದರೆ ಜಗಳ ಬಂದಾಗ ಸಾಬೀತು ಮಾಡೋದು ಕಷ್ಟ. ಇಲ್ಲಿ ಆಗಿದ್ದೂ ಅದೇ.

ಇನ್‌ಡೈರೆಕ್ಟ್ ಫ್ರೀ ಕಿಕ್‌ಗೆ ರೆಫರಿ ಕೈ ಎತ್ತಿ ನಿಲ್ತಾರಲ್ಲ, ಇಡೀ ಸ್ಟೇಡಿಯಂಗೆ ಅರ್ಥ ಆಗುತ್ತೆ. "ವಿಸಿಲ್‌ಗೆ ಕಾಯಿರಿ" ಅನ್ನೋದಕ್ಕೂ ಅಂಥದ್ದೇ ಒಂದು ಸನ್ನೆ ಕಡ್ಡಾಯ ಮಾಡಲಿ. ಎಷ್ಟೋ ರೆಫರಿಗಳು ಈಗಲೂ ವಿಸಿಲ್ ಎತ್ತಿ ತೋರಿಸ್ತಾರೆ, ಅದನ್ನೇ ನಿಯಮ ಮಾಡಿದ್ರೆ ಸಾಕು. ಸನ್ನೆ ಇಲ್ವಾ? ಹಾಗಾದ್ರೆ ಯಾವ ಕ್ಷಣದಲ್ಲಾದ್ರೂ ಕಿಕ್ ಬರಬಹುದು, ಬಾಲ್ ಮೇಲೆ ಕಣ್ಣಿಡಿ.

ಮೈದಾನ ಬಿಟ್ಟು ಹೋಗಿದ್ದನ್ನ ಮಾತ್ರ ನಾನು ಒಪ್ಪಲ್ಲ. ಕ್ಲಬ್‌ಗೆ 4 ಕೋಟಿ ದಂಡ, ಕೋಚ್‌ಗೆ 10 ಪಂದ್ಯ ನಿಷೇಧ, ಅದೆಲ್ಲ ಆಮೇಲಿನ ಮಾತು. ಇನ್ನೂ 20 ನಿಮಿಷಕ್ಕಿಂತ ಜಾಸ್ತಿ ಆಟ ಬಾಕಿ ಇತ್ತು, ಬೇಕಾಗಿದ್ದದ್ದು ಒಂದೇ ಒಂದು ಗೋಲ್.

ಭಾಗ 5: ಹ್ಯಾಂಡ್‌ಬಾಲ್. ಜಗಳಕ್ಕೆ ರೆಡಿಯಾಗಿ ಬನ್ನಿ 😅