ಕೈಗಡದ ನಕ್ಷೆ ಯಾರ ಸ್ವತ್ತು?

ಕುಂದಗೋಳ ತಾಲ್ಲೂಕಿನ ನಮ್ಮ ಬಂಧುವರ್ಗದ ಯುವಕನೊಬ್ಬ ಬೆಂಗಳೂರಿನಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿದ್ದಾನೆ. ಅವನ ವಿಷಯ ದತ್ತಾಂಶ ಗಣಿಗಾರಿಕೆ ಮತ್ತು ಸಾಮಾಜಿಕ ಜಾಲಗಳ ವಿಶ್ಲೇಷಣೆ. ಈಚೆಗೆ ಊರಿಗೆ ಬಂದಿದ್ದಾಗ ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಕೋಷ್ಟಕ ತೋರಿಸಿದ. ಪರದೆಯ ತುಂಬ ಸೊನ್ನೆಗಳು, ನಡುನಡುವೆ ಅಲ್ಲೊಂದು ಇಲ್ಲೊಂದು ‘ಒಂದು’. ಅಡ್ಡಸಾಲಿನಲ್ಲೂ ಕಂಬಸಾಲಿನಲ್ಲೂ ಇರುವುದು ಒಂದೇ ಊರಿನ ಮನೆಗಳು. ಎರಡು ಮನೆಗಳು ಸಂಧಿಸುವ ಚೌಕದಲ್ಲಿ ‘ಒಂದು’ ಇದ್ದರೆ, ಆ ಮನೆಯವರು ಈ ಮನೆಯಿಂದ ಅಕ್ಕಿಯನ್ನೋ ಸೀಮೆಎಣ್ಣೆಯನ್ನೋ ಕೈಗಡ ತರುತ್ತಾರೆ ಎಂದರ್ಥ. ಊರುಗಳಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ಸಂಖ್ಯೆಗಳು 77ರವರೆಗೆ ಹೋಗುತ್ತವೆ. ನಡುವೆ 13 ಮತ್ತು 22 ಇಲ್ಲ. ‘ಇವೆಲ್ಲ ನಮ್ಮ ಕರ್ನಾಟಕದ ಹಳ್ಳಿಗಳೇ. ಎಲ್ಲೆಲ್ಲಿಯ ವಿದ್ಯಾರ್ಥಿಗಳೋ ಇವುಗಳ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ. ಆ ಊರಿನವರಿಗೆ ಇದು ಗೊತ್ತಿದೆಯೇ ಎಂಬುದು ನನ್ನ ಪ್ರಶ್ನೆ’ ಎಂದ.

ಅವನು ತೋರಿಸಿದ್ದು ಅರ್ಥಶಾಸ್ತ್ರದಲ್ಲಿ ಸುಪ್ರಸಿದ್ಧವಾದ ಅಧ್ಯಯನವೊಂದರ ದತ್ತಾಂಶ. ಬೆಂಗಳೂರಿನಿಂದ ಎರಡು-ಮೂರು ಗಂಟೆಗಳ ಪ್ರಯಾಣದ ಅಂತರದಲ್ಲಿರುವ 75 ಹಳ್ಳಿಗಳಲ್ಲಿ 2006ರಲ್ಲಿ ಸಮೀಕ್ಷೆ ನಡೆಯಿತು. ಅಧ್ಯಯನವನ್ನು ರೂಪಿಸಿದವರು ಮುಂದೆ 2019ರಲ್ಲಿ ನೊಬೆಲ್ ಗೌರವಕ್ಕೆ ಪಾತ್ರರಾದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ, ಜೊತೆಗೆ ಮ್ಯಾಥ್ಯೂ ಜಾಕ್ಸನ್ ಹಾಗೂ ಆ ಕೆಲಸ ನಡೆಯುವಾಗ ಇನ್ನೂ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಅರುಣ್ ಚಂದ್ರಶೇಖರ್. ನಿಮ್ಮ ಮನೆಗೆ ಯಾರು ಬರುತ್ತಾರೆ, ನೀವು ಯಾರ ಮನೆಗೆ ಹೋಗುತ್ತೀರಿ, ತುರ್ತಿಗೆ ಹಣ ಯಾರಲ್ಲಿ ಕೇಳುತ್ತೀರಿ, ಕಾಯಿಲೆ ಬಿದ್ದಾಗ ಯಾರನ್ನು ಕರೆಯುತ್ತೀರಿ, ಯಾರ ಸಲಹೆ ಪಡೆಯುತ್ತೀರಿ, ಗುಡಿಗೋ ಮಸೀದಿಗೋ ಯಾರೊಡನೆ ಹೋಗುತ್ತೀರಿ: ಇಂತಹ ಹನ್ನೆರಡು ಬಗೆಯ ನಂಟುಗಳನ್ನು ಹೆಸರು ಹಿಡಿದು ಬರೆದುಕೊಳ್ಳಲಾಯಿತು. ಬಳಿಕ ಭಾರತ ಸ್ವಮುಕ್ತಿ ಸಂಸ್ಥೆ ಎಂಬ ಕಿರುಸಾಲ ಸಂಸ್ಥೆ ಈ ಪೈಕಿ 43 ಹಳ್ಳಿಗಳನ್ನು ಪ್ರವೇಶಿಸಿತು. ಪ್ರತಿ ಊರಿನಲ್ಲೂ ಶಿಕ್ಷಕರು, ಅಂಗಡಿಕಾರರು, ಸ್ವಸಹಾಯ ಗುಂಪಿನ ಮುಖಂಡರಂಥವರಿಗೆ ಮೊದಲು ತಿಳಿಸಿ, ಸುದ್ದಿ ಹಬ್ಬಿಸುವಂತೆ ಕೇಳಿಕೊಳ್ಳುವುದು ಅದರ ಪದ್ಧತಿ.

2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲಕರವಾಗಿದೆ. ಮೊದಲು ಸುದ್ದಿ ತಿಳಿದವರು ಊರಿನ ಜಾಲದ ನಡುವಿನಲ್ಲಿದ್ದರೆ ಹೆಚ್ಚು ಜನ ಸಾಲ ಪಡೆದರು, ಅಂಚಿನಲ್ಲಿದ್ದರೆ ಕಡಿಮೆ. ತಾವು ಸಾಲ ಪಡೆಯದವರೂ ಸುದ್ದಿಯನ್ನು ದಾಟಿಸಿದರು. ಒಟ್ಟು ಸಾಲಗಾರರಲ್ಲಿ ಸುಮಾರು ಮೂರನೆಯ ಒಂದು ಪಾಲಿಗೆ ಅವರ ಮಾತೇ ಕಾರಣ. ಅದೇ ಬಳಗ 213 ಹಳ್ಳಿಗಳಲ್ಲಿ ಮಾಡಿದ ಮತ್ತೊಂದು ಪ್ರಯೋಗದ ವರದಿ 2019ರಲ್ಲಿ ಹೊರಬಂತು. ಯಾರ ಕಿವಿಗೆ ಹಾಕಿದರೆ ಸುದ್ದಿ ಊರಿಗೆಲ್ಲ ಮುಟ್ಟುತ್ತದೆ ಎಂದು ಊರವರನ್ನೇ ಕೇಳಿ, ಅವರು ಹೆಸರಿಸಿದವರಿಗೆ ಸುದ್ದಿ ತಿಳಿಸಿದಾಗ, ಹಿರಿಯರಿಗೆ ತಿಳಿಸಿದ್ದಕ್ಕಿಂತ ದೂರ ಅದು ಹಬ್ಬಿತು.

ಇದನ್ನು ಓದಿ ನಾನು ನನ್ನನ್ನೇ ನೋಡಿ ನಕ್ಕೆ. ತೊಂಬತ್ತರ ದಶಕದಲ್ಲಿ ನವಲಗುಂದದ ಎರಿಭೂಮಿಯ ಹಳ್ಳಿಗಳಲ್ಲಿ, ಐಆರ್‌ಡಿಪಿ ಎಂದೇ ಜನರ ಬಾಯಲ್ಲಿದ್ದ ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆಯ ಎಮ್ಮೆ ಸಾಲದ ವಿಷಯ ತಿಳಿಸಲು ನಾನು ಹೋಗುತ್ತಿದ್ದುದು ಪಾಟೀಲರ ಪಡಸಾಲೆಗೆ. ಸುದ್ದಿ ಅವರ ಓಣಿಯನ್ನು ದಾಟುತ್ತಿರಲಿಲ್ಲ. ಕಡೆಗೆ ಗ್ರಾಮಸೇವಕನೊಬ್ಬ ‘ಹಿಟ್ಟಿನ ಗಿರಣ್ಯಾಗ ಒಮ್ಮೆ ಹೇಳ್ರಿ ಸಾಹೇಬ್ರ, ಸಂಜೀಕ ಊರಿಗೆಲ್ಲ ಗೊತ್ತಾಗ್ತದ’ ಎಂದ. ಹಾಗೇ ಆಯಿತು. ಗಣಿತ ಸೂತ್ರವಿಲ್ಲದೆ ಅವನಿಗೆ ತಿಳಿದಿದ್ದುದು ಇದೇ. ಲಸಿಕೆ, ಬೆಳೆವಿಮೆ, ವೃದ್ಧಾಪ್ಯ ವೇತನದಂತಹ ಸುದ್ದಿಗಳು ಅರ್ಹರನ್ನು ಮುಟ್ಟದೆ ಹೋಗುವ ನಾಡಿನಲ್ಲಿ ಈ ಬಗೆಯ ಸಂಶೋಧನೆಯ ಪ್ರಯೋಜನವನ್ನು ನಾನು ಅಲ್ಲಗಳೆಯಲಾರೆ.

ಆದರೆ ಅದೇ ನವಲಗುಂದ ಮತ್ತೊಂದು ಸಂಗತಿಯನ್ನೂ ನೆನಪಿಸುತ್ತದೆ. 1980ರಲ್ಲಿ ನಾನು ಧಾರವಾಡದಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿ. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಹೇರಿದ ಅಭಿವೃದ್ಧಿ ಕರದ ವಿರುದ್ಧ ಚಳವಳಿ ಎದ್ದಿತ್ತು. ಜುಲೈ 21ರಂದು ನವಲಗುಂದದಲ್ಲೂ ನೆರೆಯ ನರಗುಂದದಲ್ಲೂ ಗೋಲಿಬಾರ್ ನಡೆದು ಜೀವಹಾನಿಯಾಯಿತು. ದೂರವಾಣಿ ಅಪರೂಪವಾಗಿದ್ದ ಕಾಲದಲ್ಲಿ ಆ ಕರೆ ಊರಿಂದೂರಿಗೆ ಹಬ್ಬಿದ್ದು ಸಂತೆ, ಬಸ್ ನಿಲ್ದಾಣ, ಬೀಗರ ಮನೆಗಳ ಮೂಲಕ. ಅಂದರೆ ಇಂದು ಕೋಷ್ಟಕದಲ್ಲಿ ಕೂಡಿಸಲಾಗುತ್ತಿರುವ ಅದೇ ನಂಟುಗಳ ಮೂಲಕ. ‘ಯಾರ ಸಲಹೆ ಪಡೆಯುತ್ತೀರಿ’ ಎಂಬ ಪ್ರಶ್ನೆಗೆ ಹಳ್ಳಿಹಳ್ಳಿಯಿಂದ ಬಂದ ಉತ್ತರಗಳು ಅಂದು ಆಡಳಿತದ ಕೈಯಲ್ಲಿದ್ದಿದ್ದರೆ ಅದು ಬಂಧಿಸಬೇಕಾದವರ ಪಟ್ಟಿಯಾಗುತ್ತಿರಲಿಲ್ಲವೇ? ಆಡಳಿತದ ಒಳಗಿದ್ದು ಬಂದವನಾಗಿ ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತು.

2006ರ ಸಮೀಕ್ಷೆಯಲ್ಲಿ ವಿವರವಾಗಿ ಪ್ರಶ್ನಿಸಿದ್ದು ಸುಮಾರು ಅರ್ಧದಷ್ಟು ಮನೆಗಳವರನ್ನು ಮಾತ್ರ. ಆದರೆ ಅವರು ಹೇಳಿದ ಹೆಸರುಗಳಲ್ಲಿ ಉಳಿದರ್ಧದವರೂ ಇದ್ದರು. ನನ್ನ ಜಮೀನಿನ ವಿಸ್ತೀರ್ಣ ನನ್ನ ಮಾಹಿತಿ. ಹೇಳುವುದೂ ಬಿಡುವುದೂ ನನಗೆ ಸೇರಿದ್ದು. ನೆರೆಮನೆಯಾಕೆ ನನ್ನಲ್ಲಿ ಅಕ್ಕಿ ಕಡ ಕೇಳುತ್ತಾಳೆಂಬುದು ಯಾರ ಮಾಹಿತಿ? ಅದರಲ್ಲಿ ಆಕೆಯ ಮಾನವೂ ಅಡಗಿದೆ. ನಾನು ಒಪ್ಪಿದರೆ ಆಕೆಯೂ ಒಪ್ಪಿದಂತಾಗದು. ಹೆಸರು ಅಳಿಸಿ ಸಂಖ್ಯೆ ಬರೆದರೆ ವ್ಯಕ್ತಿಯ ಗುರುತು ಮರೆಯಾಗಬಹುದು. ಆದರೆ ಊರಿನ ಯಾವ ಬಾಗಿಲಿನಿಂದ ಒಳಹೊಕ್ಕರೆ ಸಾಲ ಹೆಚ್ಚು ಹರಡುತ್ತದೆ ಎಂಬ ತಿಳಿವಳಿಕೆ ಮರೆಯಾಗುವುದಿಲ್ಲ. ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿದೆ. ‘ಗಣಿಗಾರಿಕೆ’ ಎಂಬ ಪದ ಬಳ್ಳಾರಿಯನ್ನು ಕಂಡ ನಮ್ಮ ಕಿವಿಗೆ ಹಿತವಾದುದಲ್ಲ. ಅದಿರಿಗಾದರೂ ರಾಜಧನವೆಂಬುದಿದೆ.

ಈ ವಿದ್ವಾಂಸರ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಏಕೆಂದರೆ ಮುಂದಿನ ಕಥೆಯನ್ನು ಹೇಳಿದವರೂ ಅವರೇ. 2012ರಲ್ಲಿ ಅದೇ 75 ಹಳ್ಳಿಗಳಿಗೆ ಮರಳಿ ಹೋಗಿ ನಂಟುಗಳನ್ನು ಮತ್ತೆ ಎಣಿಸಿದಾಗ, ಕಿರುಸಾಲ ಬಂದ ಊರುಗಳಲ್ಲಿ ಜಾಲ ಬಾರದ ಊರುಗಳಿಗಿಂತ ತೆಳುವಾಗಿತ್ತು. ಸಾಲ ಪಡೆದವರಿಗೆ ನೆರೆಯವರ ಕೈಗಡ ಬೇಡವಾಗಿರಬಹುದು, ಅದು ಸಹಜ. ಆದರೆ ಸಾಲ ಪಡೆಯುವ ಸಂಭವವೇ ಕಡಿಮೆಯಿದ್ದವರ ನಡುವಿನ ನಂಟುಗಳೂ ಕಡಿದಿದ್ದವು. ಅರ್ಥಶಾಸ್ತ್ರದಲ್ಲಿ ಇದನ್ನು ಬಾಹ್ಯ ಪರಿಣಾಮ ಎನ್ನುತ್ತೇವೆ: ವ್ಯವಹಾರ ಇಬ್ಬರದು, ನಷ್ಟ ಮೂರನೆಯವರದು. ಸಾಲವನ್ನೇ ಪಡೆಯದ ವಿಧವೆಯೊಬ್ಬಳು ತಡರಾತ್ರಿ ಬಾಗಿಲು ತಟ್ಟಬಹುದಾಗಿದ್ದ ಮನೆಗಳ ಸಂಖ್ಯೆ ಇಳಿದರೆ ಆ ನಷ್ಟ ಯಾವ ಬ್ಯಾಂಕಿನ ಲೆಕ್ಕಪತ್ರದಲ್ಲೂ ಕಾಣಿಸುವುದಿಲ್ಲ.

ಧಾರವಾಡ ಜಿಲ್ಲೆ ಆ 75 ಹಳ್ಳಿಗಳ ವ್ಯಾಪ್ತಿಯಲ್ಲಿ ಇರಲಿಲ್ಲ. ಹಾಗೆಂದು ಕಲಘಟಗಿಯ ಭತ್ತದ ಸೀಮೆಯಾಗಲಿ ಅಣ್ಣಿಗೇರಿಯ ಕಡಲೆ ಸೀಮೆಯಾಗಲಿ ಹೊರಗುಳಿದಿಲ್ಲ. ವಾರದ ಕಂತು, ಪರಸ್ಪರ ಜಾಮೀನಿನ ಮಹಿಳಾ ಗುಂಪು ಇಲ್ಲಿಯೂ ಮನೆಮಾತು. ಸಾಲವನ್ನು ಹರಡಿದ ದಾರಿಯಲ್ಲೇ ವಸೂಲಿಯೂ ಬರುತ್ತದೆ; ಒಬ್ಬಳು ತಪ್ಪಿದರೆ ಉಳಿದ ನಾಲ್ವರು ಅವಳ ಹೊಸ್ತಿಲಲ್ಲಿ ನಿಲ್ಲಬೇಕು. ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ 10 ವರ್ಷಗಳವರೆಗಿನ ಸೆರೆವಾಸ, 5 ಲಕ್ಷ ರೂಪಾಯಿವರೆಗಿನ ದಂಡದ ಸುಗ್ರೀವಾಜ್ಞೆ ತರಬೇಕಾಯಿತು. ಮೊಬೈಲ್ ಸಾಲದ ಆ್ಯಪ್‌ಗಳಂತೂ ಇನ್ನೂ ಮುಂದೆ. ಸಂಶೋಧಕರು ಮನೆಮನೆ ತಿರುಗಿ ಕಲೆಹಾಕಿದ ಬಗೆಯ ನಂಟಿನ ಪಟ್ಟಿಯನ್ನು ಅವು ಫೋನಿನ ಸಂಪರ್ಕ ಪಟ್ಟಿಯಿಂದ ಕ್ಷಣದಲ್ಲಿ ಎತ್ತಿಕೊಳ್ಳಬಲ್ಲವು. ಹಾಗೆ ಎತ್ತಿಕೊಳ್ಳಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿರ್ದೇಶನ ನೀಡಿತು. ಸಾಲಿಗರಿಗೆ ನಿಷಿದ್ಧವಾದ ಪಟ್ಟಿ ಸಂಶೋಧಕರಿಗೆ ಹೇಗೆ ಮುಕ್ತ ಎಂದು ಯಾರಾದರೂ ಕೇಳಿದರೆ ಉತ್ತರಿಸುವುದು ಸುಲಭವಲ್ಲ.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಸಾರಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆಗೆ ವಿನಾಯಿತಿ ನೀಡಿದೆ. ದತ್ತಾಂಶವನ್ನು ಬಳಸಿ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ಕೈಗೊಳ್ಳಬಾರದೆಂಬುದು ಷರತ್ತು. ಇಡೀ ಊರಿನ ಬಗ್ಗೆ, ಒಂದು ಓಣಿಯ ಬಗ್ಗೆ ಕೈಗೊಂಡರೆ? ಕಾಯ್ದೆಯ ಕಣ್ಣಿಗೆ ಬೀಳುವುದು ಒಂಟಿ ವ್ಯಕ್ತಿ. ನಂಟನ್ನು ಅದು ಗುರುತಿಸುವುದಿಲ್ಲ.

ನಮ್ಮ ಯುವಕ ಕುಂದಗೋಳ ಮತ್ತು ಕಲಘಟಗಿ ತಾಲ್ಲೂಕುಗಳ ನಾಲ್ಕು ಹಳ್ಳಿಗಳಲ್ಲಿ ಇಂಥದೇ ಸಮೀಕ್ಷೆ ಮಾಡಬೇಕೆಂದಿದ್ದಾನೆ. ಮಾಡಬೇಡ ಎನ್ನಲಿಲ್ಲ. ಗ್ರಾಮ ಪಂಚಾಯಿತಿಯ ವರ್ಷದ ಲೆಕ್ಕವನ್ನು ಊರವರ ಮುಂದಿಡುವ ಜಮಾಬಂದಿ ನಮ್ಮಲ್ಲಿದೆ. ನಿನ್ನ ಲೆಕ್ಕವನ್ನೂ ಹಾಗೆಯೇ ಕನ್ನಡದಲ್ಲಿ ಓದಿ ಹೇಳು, ಅದೂ ಅಧ್ಯಯನ ಪ್ರಕಟವಾಗುವ ಮೊದಲು ಎಂದೆ. ಪ್ರಶ್ನೆಗೆ ಉತ್ತರವಾಗಿ ಹೆಸರು ಬಂದ ಮನೆಗಳಿಗೂ ಹೋಗಿ, ಬೇಡವೆಂದವರ ಹೆಸರನ್ನು ಕೋಷ್ಟಕದಿಂದ ತೆಗೆದುಹಾಕು ಎಂದೂ ಸೇರಿಸಿದೆ. ಹಾಗೆ ತೆಗೆದರೆ ಜಾಲ ಅಲ್ಲಲ್ಲಿ ಹರಿದು ಲೆಕ್ಕ ತಪ್ಪುತ್ತದೆ ಎಂಬುದು ಅವನ ಆಕ್ಷೇಪ. ಅದು ನಿಜವೇ. ಎಷ್ಟು ಮನೆಗಳು ಬೇಡವೆಂದವು, ಅವು ಊರಿನ ಯಾವ ಭಾಗದವು ಎಂಬುದನ್ನೂ ಫಲಿತಾಂಶವಾಗಿ ಬರೆಯಬಹುದಲ್ಲ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಪ್ರಶ್ನಾವಳಿಗೆ ಆ ಪುಟವನ್ನು ಸೇರಿಸಿ ಮಾರ್ಗದರ್ಶಕರಿಗೆ ಕಳುಹಿಸಿದ್ದಾನಂತೆ. ಅವರು ಒಪ್ಪುವರೋ ಇಲ್ಲವೋ ಮುಂದಿನ ತಿಂಗಳು ತಿಳಿಯಬೇಕು.