ಧಾಯಾ ಕೋಟೆಗೂ ಒಮ್ಮೆ ಹೋಗೋಣ

ಮದೀನತ್ ಜಾಯೆದ್‌ನ ಕನ್ನಡದ ಬಂಧುಗಳೇ,

ಡಿಸೆಂಬರಿನಲ್ಲಿ ಯುಎಇ ರಾಷ್ಟ್ರೀಯ ದಿನದ ರಜೆ ಬಂತೆಂದರೆ ನಮ್ಮಲ್ಲಿ ಅನೇಕರು ಸುಮಾರು ನಾನೂರು ಕಿಲೋಮೀಟರ್ ದೂರದ ರಾಸ್ ಅಲ್ ಖೈಮಾಕ್ಕೆ ಹೊರಡುತ್ತೇವೆ. ಜೆಬೆಲ್ ಜೈಸ್ ಬೆಟ್ಟದ ಚಳಿ, ಬುತ್ತಿಯ ಚಿತ್ರಾನ್ನ, ಒಂದಿಷ್ಟು ಫೋಟೊ, ಮರಳಿ ಮನೆ. ಈ ಸಲ ಅರ್ಧ ದಿನವನ್ನಾದರೂ ಅದೇ ಊರಿನ ಎರಡು ಜಾಗಗಳಿಗೆ ಕೊಡಿ ಎಂದು ಕೇಳಿಕೊಳ್ಳುತ್ತೇನೆ: ಹಳೆಯ ಕೋಟೆಯಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಮತ್ತು ಉತ್ತರಕ್ಕೆ ರಾಮ್ಸ್ ಹತ್ತಿರ ಗುಡ್ಡದ ಮೇಲಿರುವ ಧಾಯಾ ಕೋಟೆ.

1819ರ ಡಿಸೆಂಬರ್‌ನಲ್ಲಿ ವಿಲಿಯಂ ಗ್ರಾಂಟ್ ಕೀರ್ ಎಂಬ ಸೇನಾಪತಿಯ ಕೈಕೆಳಗೆ ಬಂದ ಬ್ರಿಟಿಷ್ ಪಡೆ ರಾಸ್ ಅಲ್ ಖೈಮಾ ಊರಿನ ಮೇಲೆ ದಿನಗಟ್ಟಲೆ ಗುಂಡಿನ ಮಳೆಗರೆಯಿತು. 9ರಂದು ಊರು ಬ್ರಿಟಿಷರ ಕೈಸೇರಿತು. ರಾಮ್ಸ್‌ನ ಜನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಧಾಯಾ ಗುಡ್ಡ ಸೇರಿದರು. ಅಲ್ಲಿ ನೆರಳಿಲ್ಲ, ನೀರಿಲ್ಲ. ಹಡಗಿನಿಂದ ಎರಡು ದೊಡ್ಡ ಫಿರಂಗಿಗಳನ್ನು ಇಳಿಸಿ ಎಳೆತಂದು ಹಾರಿಸಿದ ಮೇಲೆ, 22ರಂದು ಶರಣಾದರು. ಸೆರೆಸಿಕ್ಕ ಗಂಡಸರಲ್ಲಿ ಕಾದಾಡುವವರೆಂದು ಬ್ರಿಟಿಷರೇ ಗುರುತಿಸಿದ್ದು 177 ಜನರನ್ನು. ಮಿಕ್ಕವರಲ್ಲಿ ಹೆಚ್ಚಿನವರು ಆಡು ಮೇಯಿಸುವವರು, ಬೇಸಾಯಗಾರರು.

ಆ ಪಡೆ ಹೊರಟಿದ್ದು ಬೊಂಬಾಯಿಯಿಂದ. ಅದರಲ್ಲಿ ಭಾರತದ ಸಿಪಾಯಿಗಳೂ ಇದ್ದರು. ಅದಕ್ಕೂ ಇಪ್ಪತ್ತು ವರ್ಷ ಹಿಂದೆ, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ, ಕೊಡಗಿನ ಹಾದಿಯಲ್ಲಿ ಬಂದು ಮುತ್ತಿಗೆಗೆ ಸೇರಿಕೊಂಡಿದ್ದೂ ಈಸ್ಟ್ ಇಂಡಿಯಾ ಕಂಪನಿಯ ಬೊಂಬಾಯಿ ಸೇನೆಯೇ. ಟಿಪ್ಪು ಬಿದ್ದ ಜಾಗದ ಮುಂದೆ ನಿಂತಾಗ ನಾವು ತಾನಾಗಿ ದನಿ ತಗ್ಗಿಸುತ್ತೇವೆ. ಅನ್ನ ಕೊಟ್ಟ ನೆಲದಲ್ಲಿ, ಅದೇ ಸೇನೆ ಮಾಡಿದ ಗಾಯದ ಮುಂದೆ, ಅಷ್ಟು ಗೌರವವಾದರೂ ಬೇಡವೇ?

ಈ ತೀರವನ್ನು ಕಡಲ್ಗಳ್ಳರ ತೀರವೆಂದು ಬರೆದವರು ಗೆದ್ದವರು. ಶಾರ್ಜಾದ ಆಡಳಿತಗಾರ ಡಾ. ಸುಲ್ತಾನ್ ಬಿನ್ ಮೊಹಮ್ಮದ್ ಅಲ್ ಖಾಸಿಮಿ 1986ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆ ಆರೋಪವನ್ನು ಅಲ್ಲಗಳೆದು, ಕಂಪನಿಗೆ ಬೇಕಿದ್ದದ್ದು ಇಲ್ಲಿನ ವ್ಯಾಪಾರ ಎಂದು ವಾದಿಸಿದ್ದಾರೆ. ಎಲ್ಲ ಇತಿಹಾಸಕಾರರೂ ಅದನ್ನು ಒಪ್ಪುವುದಿಲ್ಲ, ನಿಜ. ಆದರೂ ಇಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಎರಡೂ ಮಾತು ಗೊತ್ತಿರಬೇಕು. 1820ರ ಜನವರಿ 8ರಂದು ಶುರುವಾದ ಬ್ರಿಟಿಷ್ ಒಪ್ಪಂದಗಳ ಹಿಡಿತ 1971ರಲ್ಲಿ ಯುಎಇ ಹುಟ್ಟುವವರೆಗೂ ಬಿಡಲಿಲ್ಲ. ನಾವು ರಜೆ ಪಡೆದು ಸಂಭ್ರಮಿಸುವ ರಾಷ್ಟ್ರೀಯ ದಿನಕ್ಕೆ ಅಷ್ಟು ಉದ್ದದ ಹಿನ್ನೆಲೆಯಿದೆ.

ನಮ್ಮ ಕನ್ನಡ ಸಂಘದ ಹಿರಿಯರಲ್ಲಿ ನನ್ನ ವಿನಂತಿ: ನವೆಂಬರಿನ ರಾಜ್ಯೋತ್ಸವ ಮುಗಿದ ಮೇಲೆ ಒಂದು ಬಸ್ಸು ಗೊತ್ತುಮಾಡಿ. ಮೊದಲು ಮ್ಯೂಸಿಯಂ ತೋರಿಸಿ, ಬಿಸಿಲು ಇಳಿದ ಮೇಲೆ ಕೋಟೆಯ ಮೆಟ್ಟಿಲು ಹತ್ತಿಸಿ. ಮೇಲೆ ನಿಂತು ಹಿರಿಯರೊಬ್ಬರು ಮಕ್ಕಳಿಗೆ ಈ ಕತೆಯನ್ನು ಕನ್ನಡದಲ್ಲೇ ಹೇಳಲಿ. ಸ್ಪೀಕರ್ ಹಾಡು ಬೇಡ, ಖಾಲಿ ಬಾಟಲಿಗಳನ್ನು ಅಲ್ಲಿ ಬಿಟ್ಟು ಬರುವುದು ಬೇಡ. ಜೆಬೆಲ್ ಜೈಸ್ ಮರುದಿನ ನೋಡಿದರಾಯಿತು.